ಕೆಳತುದಿ ಹಿಡಿದವನು

ಒಂದು ಬೀರು ಮೂರನೆಯ ಮಹಡಿಯಿಂದ ಕೆಳಗೆ ಬರಬೇಕಾದರೆ ಇಬ್ಬರು ಬೇಕು. ಒಬ್ಬನು ಮೇಲಿನ ತುದಿಯನ್ನು ಹಿಡಿಯುತ್ತಾನೆ, ಇನ್ನೊಬ್ಬನು ಕೆಳಗಿನ ತುದಿಯನ್ನು. ಮೇಲಿನವನು ಮುಂದೆ ನೋಡಿಕೊಂಡು ಇಳಿಯುತ್ತಾನೆ. ಮೆಟ್ಟಿಲು, ತಿರುವು, ಗೋಡೆಯ ಮೂಲೆ, ಯಾರೋ ಬಿಟ್ಟುಹೋದ ಚಪ್ಪಲಿ, ಎಲ್ಲವೂ ಅವನ ಕಣ್ಣಿಗೆ ಬೀಳುತ್ತವೆ. ಕೆಳಗಿನವನು ಹಿಮ್ಮುಖನಾಗಿ ಹೆಜ್ಜೆಯಿಡುತ್ತಾನೆ. ಭಾರದ ಹೆಚ್ಚು ಪಾಲು ಅವನದು. ಅವನಿಗೆ ಕಾಣುವುದು ಬೀರುವಿನ ತಳ ಮಾತ್ರ. ಮಿಕ್ಕದ್ದನ್ನೆಲ್ಲ ಮೇಲಿನಿಂದ ಬರುವ ದನಿಯೇ ಅವನಿಗೆ ಹೇಳಬೇಕು.

ಕೆಳಗಣ್ಣನು ಪ್ರಾಯಕ್ಕೆ ಬಂದಾಗಿನಿಂದ ಮೊನ್ನೆ ಮೊನ್ನೆಯವರೆಗೆ ಹಿಡಿದದ್ದು ಕೆಳತುದಿಯನ್ನೇ. ಅವನ ನಿಜವಾದ ಹೆಸರು ಅವನ ಅಕ್ಕನಿಗೆ ಗೊತ್ತಿತ್ತು. ಅಕ್ಕ ತೀರಿಕೊಂಡ ಮೇಲೆ ಆ ಹೆಸರನ್ನು ಹಿಡಿದು ಕೂಗುವವರು ಉಳಿಯಲಿಲ್ಲ. ಮನೆ ಸಾಮಾನು ಸಾಗಿಸುವ ಆ ಕಂಪನಿಯಲ್ಲಿ ಎಲ್ಲರಿಗೂ ಅವನು ಕೆಳಗಣ್ಣ. ಅವನ ಜೊತೆಗಾರನು ಮೇಲಣ್ಣ. ಈ ಜೋಡಿಗೆ ಹೆಸರಿಟ್ಟವನು ಹಳೆಯ ಲಾರಿ ಚಾಲಕ. ಅವನು ಎಂದೋ ಕೆಲಸ ಬಿಟ್ಟುಹೋದ, ಅವನಿಟ್ಟ ಹೆಸರುಗಳು ಅಂಟಿನಂತೆ ಅಂಟಿಕೊಂಡು ಉಳಿದವು.

ಅಕ್ಕ ಇದ್ದಾಗ ಒಮ್ಮೆ ಹೆಣ್ಣು ನೋಡಲು ಹೋದದ್ದುಂಟು. ಹೆಣ್ಣಿನ ತಂದೆ ಕೇಳಿದರು:

"ಹುಡುಗ ಏನು ಮಾಡ್ತಾನೆ?"

ಜೊತೆಗೆ ಬಂದಿದ್ದ ಅಕ್ಕನ ಗಂಡ, ಭಾವನಿಗೆ ಮೊದಲೇ ಮಾತು ಕಡಿಮೆ. "ಇಳಿಸ್ತಾನೆ" ಎಂದರು.

"ಏನನ್ನ?"

"ಎಲ್ಲಾನೂ."

"ನಮ್ಮ ಮರ್ಯಾದೆ ಒಂದು ಬಿಟ್ಟು ಉಳಿದಿದ್ದೆಲ್ಲ ಇಳಿಸಲಿ ಬಿಡಿ" ಎಂದು ಆ ಹಿರಿಯರು ನಕ್ಕರು. ಮಾತು ಅಲ್ಲಿಗೇ ನಿಂತಿತು. ಮತ್ತೊಂದು ಮನೆಯನ್ನು ಹುಡುಕುವ ಮೊದಲೇ ಅಕ್ಕ ಹಾಸಿಗೆ ಹಿಡಿದಳು. ಹಾಗಾಗಿ ಕೆಳಗಣ್ಣನು ಐದನೆಯ ಮಹಡಿಯ ಒಂದೇ ಕೋಣೆಯಲ್ಲಿ ಒಂಟಿಯಾಗಿಯೇ ಉಳಿದ. ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಒಂದು ಕನ್ನಡಿ. ಊರವರ ಸಾಮಾನುಗಳನ್ನೆಲ್ಲ ಹೊತ್ತವನಿಗೆ ಸ್ವಂತಕ್ಕೆ ಸಾಮಾನು ಮಾಡಿಕೊಳ್ಳುವ ಆಸೆಯೇ ಹುಟ್ಟಲಿಲ್ಲ. ತಾನಿಲ್ಲದ ದಿನ ಇವನ್ನು ಇಳಿಸುವವರಿಗೆ ಕಷ್ಟವಾಗಬಾರದು ಎಂದು ತಮಾಷೆ ಮಾಡುತ್ತಿದ್ದ; ಆ ತಮಾಷೆಗೆ ನಗಲು ಕೋಣೆಯಲ್ಲಿ ಇನ್ನೊಬ್ಬರಿರಲಿಲ್ಲ.

ಮೇಲಣ್ಣನ ವಿಷಯವನ್ನು ಇಲ್ಲಿ ಹೇಳಲೇಬೇಕು. ಅವನು ನೆಲದ ಮೇಲೆ ಮೌನಿ. ಲಾರಿಯಲ್ಲಿ ಪಕ್ಕಪಕ್ಕದಲ್ಲಿ ಕುಳಿತು ಊರಿನ ಈ ತುದಿಯಿಂದ ಆ ತುದಿಗೆ ಹೋದರೂ ಇಬ್ಬರ ನಡುವೆ ಒಂದು ಮಾತು ಹುಟ್ಟುತ್ತಿರಲಿಲ್ಲ. ಚಹಾ ಕುಡಿಯುವಾಗಲೂ ಅಷ್ಟೆ. ಲೋಟದ ಕಡೆ ನೋಡುತ್ತ ಕುಡಿಯುತ್ತಿದ್ದರು. ಆದರೆ ಇಬ್ಬರ ನಡುವೆ ಒಂದು ಭಾರ ಬಂದಿತೆಂದರೆ ಮೇಲಣ್ಣನ ಬಾಯಿಗೆ ಹಾಕಿದ ಬೀಗ ತೆರೆಯುತ್ತಿತ್ತು.

"ಎಡಕ್ಕೆ ಒಂಚೂರು... ಹಾಂ... ತಿರುವು ಬಂತು ನೋಡು, ಬೆನ್ನು ಬಾಗಿಸು. ಇಲ್ಲೊಂದು ಮೆಟ್ಟಿಲು ಮುಕ್ಕಾಗಿದೆ, ಯಾವನು ಕಟ್ಟಿದನೋ ಪುಣ್ಯಾತ್ಮ. ನಿನ್ನೆ ನನ್ನ ಮಗಳು ಹೊಸ ಕೊಡೆ ತಂದಳು ಕಣೋ, ತೆಗೆದರೆ ಮುಚ್ಚೋದೇ ಇಲ್ಲ. ಬಲಕ್ಕೆ, ಬಲಕ್ಕೆ. ಕೊನೇದು, ಕೊನೇದು... ನೆಲ."

ಹೀಗೆ ಮೆಟ್ಟಿಲಿನಿಂದ ಮೆಟ್ಟಿಲಿಗೆ, ಮಗಳ ಮದುವೆ, ಹೆಂಡತಿಯ ಹಲ್ಲುನೋವು, ಮೊಮ್ಮಗುವಿನ ಮೊದಲ ಹೆಜ್ಜೆ, ಎಲ್ಲವೂ ಬೀರುವಿನ ಆಚೆಯಿಂದ ಕೆಳಗಣ್ಣನಿಗೆ ತಲುಪುತ್ತಿದ್ದವು. ಅವನು "ಹೂಂ" ಎನ್ನುತ್ತಿದ್ದ. ಮಾತಾಡುವವನ ಮುಖ ಕಾಣಿಸುತ್ತಿರಲಿಲ್ಲ. ಕಾಣಬೇಕೆಂದು ಅನ್ನಿಸುತ್ತಲೂ ಇರಲಿಲ್ಲ. ನೆಲ ಸಿಕ್ಕ ಮೇಲೆ ಮೇಲಣ್ಣ ಮತ್ತೆ ಮೌನಿ.

ಆ ಕೆಲಸದವರಲ್ಲಿ ಎರಡು ಮಾತುಗಳು ನಡೆದುಬಂದಿದ್ದವು. ಒಂದು, ಹತ್ತಿಸುವುದು ಮಾತ್ರ ಕೆಲಸ, ಇಳಿಸುವುದು ಬಿಡುವು. "ಹತ್ತುವಾಗ ಬೆವರು, ಇಳಿಯುವಾಗ ಹಾಡು" ಎನ್ನುತ್ತಿದ್ದರು. ಬೆಳಗಿನಿಂದ ಇಳಿಸಿ ಇಳಿಸಿ ಬಂದವನು ಆಯಾಸವೆಂದರೆ ಉಳಿದವರು ನಗುತ್ತಿದ್ದರು. ಇನ್ನೊಂದು, ಹೊತ್ತ ಭಾರವನ್ನು ನಡುಮೆಟ್ಟಿಲಲ್ಲಿ ಇಡಬಾರದು. ಇಟ್ಟರೆ ಅದು ಜಾರುತ್ತದೆ, ಜಾರಿದರೆ ಇಬ್ಬರನ್ನೂ ಎಳೆದುಕೊಂಡು ಹೋಗುತ್ತದೆ. ಒಮ್ಮೆ ನಡುಮೆಟ್ಟಿಲಲ್ಲಿ ಇಟ್ಟವನಿಗೆ ಮತ್ತೆಂದೂ ಕೆಳತುದಿಯನ್ನು ಕೊಡುತ್ತಿರಲಿಲ್ಲ. ಎಷ್ಟೇ ಹಳಬನಿರಲಿ, ಯಾರ ನಂಟನೇ ಇರಲಿ, ಈ ಕಟ್ಟಳೆ ಸಡಿಲುತ್ತಿರಲಿಲ್ಲ.

ವಯಸ್ಸು ಅರವತ್ತರ ಹತ್ತಿರ ಬಂದಾಗ ಕೆಳಗಣ್ಣನಿಗೆ ಶ್ವಾಸಕೋಶದ ಜ್ವರ ಬಂದಿತು. ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದ. ಜ್ವರ ಬಿಟ್ಟಿತು, ಬಿಡುವಾಗ ತೊಡೆಗಳನ್ನು ತೆಗೆದುಕೊಂಡು ಹೋಯಿತು. ಮಂಚದಿಂದ ಎದ್ದು ನಿಂತಾಗ ಪೈಜಾಮದೊಳಗೆ ಕಾಲಿದೆಯೋ ಕೋಲಿದೆಯೋ ಎಂದು ಅವನಿಗೇ ಅನುಮಾನ ಬಂದಿತು. ಹತ್ತುವಾಗ ಹೇಗೋ ಹತ್ತುತ್ತಿದ್ದ. ಇಳಿಯುವಾಗ ಮೊಣಕಾಲು ತಟ್ಟನೆ ಮಡಿಚಿಕೊಳ್ಳುತ್ತಿತ್ತು. ಕಂಬಿಯನ್ನು ಹಿಡಿಯದಿದ್ದರೆ ಬೀಳುವುದೇ. ಹತ್ತುವುದೇ ಕಷ್ಟ, ಇಳಿಯುವುದು ಸುಲಭ ಎಂದು ಬಾಳಿಡೀ ನಂಬಿದವನಿಗೆ ಇದು ದೊಡ್ಡ ಸೋಜಿಗ.

ಮೇಲಣ್ಣನು ಒಮ್ಮೆ ಆಸ್ಪತ್ರೆಗೆ ಬಂದಿದ್ದ. ಸ್ಟೂಲಿನ ಮೇಲೆ ಕುಳಿತು ತನ್ನ ಅಂಗೈಗಳನ್ನು ನೋಡಿಕೊಂಡ. ಕೆಳಗಣ್ಣ ಛಾವಣಿಯ ಫ್ಯಾನನ್ನು ನೋಡಿದ. ನಡುವೆ ಎತ್ತಲು ಏನೂ ಇರಲಿಲ್ಲ; ಮಾತೂ ಬರಲಿಲ್ಲ. ಎದ್ದು ಹೊರಡುವಾಗ ಮೇಲಣ್ಣ ಬಾಗಿಲಲ್ಲಿ ನಿಂತು, "ಮಾಲೀಕ ಕೇಳ್ತಿದ್ದ. ಹೊಸಬನನ್ನ ಹಾಕ್ತೀನಿ ಅಂದ. ನಾನು, ತಡಿ, ಅವನು ಬರ್ತಾನೆ ಅಂದೆ" ಎಂದ. ಮತ್ತೆ, "ಈ ಹೊಸ್ತಿಲು ಎತ್ತರ ಇದೆ, ದಾಟುವಾಗ ಹುಷಾರು" ಎಂದು ಸೇರಿಸಿ ಹೋದ.

ಅಷ್ಟೇ ಸಾಕಾಯಿತು. ಬದುಕಿನಲ್ಲಿ ಕೆಳಗಣ್ಣನಿಗೆ ಬೇಕಾಗಿದ್ದದ್ದು ಒಂದೇ, ಮತ್ತೆ ಆ ಕೆಳತುದಿ, ಮತ್ತೆ ಮೇಲಿನಿಂದ ಬರುವ ಆ ದನಿ. ಚಳಿಗಾಲ ಮುಗಿಯುವುದರೊಳಗೆ ಗೋದಾಮಿನ ಮೆಟ್ಟಿಲಲ್ಲಿ ಒಂದು ಬೀರುವನ್ನು ಇಳಿಸಿ ತೋರಿಸಿದರೆ ಕೆಲಸ ಅವನದು, ಇಲ್ಲದಿದ್ದರೆ ಹೊಸಬನದು ಎಂದು ಮಾಲೀಕ ಹೇಳಿ ಕಳಿಸಿದ.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹೆಂಗಸೊಬ್ಬಳಿದ್ದಳು. ಎಲ್ಲರೂ ಅವಳನ್ನು ವ್ಯಾಯಾಮದ ಡಾಕ್ಟರು ಎನ್ನುತ್ತಿದ್ದರು. ಚುರುಕು ನಡಿಗೆ, ಒರಟು ಕೈ, ಮೃದುವಾದ ಮಾತು. ಅವಳು ಕೆಳಗಣ್ಣನ ತೊಡೆಯ ಮೇಲೆ ತಣ್ಣನೆಯ ಲೋಳೆ ಹಚ್ಚಿ, ಅಂಗೈಯಗಲದ ಸ್ಕ್ಯಾನ್ ಯಂತ್ರವನ್ನು ಒತ್ತಿದಳು. ಪಕ್ಕದ ಪರದೆಯಲ್ಲಿ ಬೂದು ಗೆರೆಗಳು ಮೂಡಿದವು.

"ನೋಡಿ ಯಜಮಾನರೇ, ಇವೇ ನಿಮ್ಮ ಸ್ನಾಯುವಿನ ಎಳೆಗಳು."

ಕೆಳಗಣ್ಣ ಇಣುಕಿದ. ಒಗೆದು ಒಗೆದು ಸವೆದ ಬಟ್ಟೆಯಂತೆ ಕಂಡಿತು.

"ಎಳೆ ಗಿಡ್ಡ ಆಗಿದೆ, ಪದರ ತೆಳುವಾಗಿದೆ. ಹತ್ತುವಾಗ ಈ ಸ್ನಾಯು ಮುದುಡಿಕೊಂಡು ನಿಮ್ಮನ್ನ ಮೇಲೆತ್ತುತ್ತೆ. ಇಳಿಯುವಾಗ ಅದೇ ಸ್ನಾಯು ಭಾರ ಹಿಡ್ಕೊಂಡೇ ಉದ್ದ ಆಗ್ತಾ ಹೋಗುತ್ತೆ, ಬಾವಿಗೆ ಹಗ್ಗ ಬಿಡ್ತೀರಲ್ಲ, ಹಾಗೆ. ಕೈಬಿಟ್ಟರೆ ಕೊಡ ದಢಾರ್. ಬಿಗಿ ಹಿಡಿದು ಸ್ವಲ್ಪ ಸ್ವಲ್ಪ ಬಿಡಬೇಕು. ಹೀಗೆ ಇಳಿಸೋ ಕೆಲಸದಿಂದಲೇ ಎಳೆ ಉದ್ದ ಆಗೋದು, ಗಟ್ಟಿ ಆಗೋದು."

"ಇಳಿಯೋದೂ ಒಂದು ಕೆಲಸಾನೇ ತಾಯಿ?"

"ಅದೇ ದೊಡ್ಡ ಕೆಲಸ. ನಿಮ್ಮ ಮನೇಲಿ ಲಿಫ್ಟ್ ಇದೆಯಾ?"

"ಇದೆ. ಒಂದೊಂದು ದಿನ ಮುನಿಸಿಕೊಳ್ಳುತ್ತೆ."

"ಲಿಫ್ಟಲ್ಲಿ ಮೇಲೆ ಹೋಗಿ. ಮೆಟ್ಟಿಲಲ್ಲಿ ನಿಧಾನಕ್ಕೆ ಇಳೀರಿ. ಒಂದು ಸಲ, ಹೆಚ್ಚಂದ್ರೆ ಎರಡು ಸಲ. ಆಮೇಲೆ ಎರಡು ದಿನ ಕಾಲಿಗೆ ಪೂರ್ತಿ ರಜೆ. ಉಪ್ಪಿನ ಹಾಗೆ ಇದು. ಕಡಿಮೆ ಆದ್ರೆ ಸಪ್ಪೆ, ಜಾಸ್ತಿ ಆದ್ರೆ ಬಾಯಿಗಿಡೋಕಾಗಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು" ಎಂದು ತಲೆಯಾಡಿಸಿದ. ಮನಸ್ಸಿನಲ್ಲಿ ಮಾತ್ರ ನಗು ಬಂದಿತು. ದಿನಕ್ಕೆ ಎಷ್ಟೋ ಮನೆಗಳನ್ನು ಬರಿದು ಮಾಡಿ ಇಳಿಸಿದ ಮನುಷ್ಯನಿಗೆ, ಬರಿಗೈಯಲ್ಲಿ ಎರಡು ಸಲ ಇಳಿಯುವುದು ಮದ್ದಂತೆ! ಇಳಿಯುವುದು ಬಿಡುವು ಎಂದು ಮೈಗೂಡಿಸಿಕೊಂಡವನಿಗೆ, ಬಿಡುವಿಗೂ ಅಳತೆಯುಂಟು ಎಂದರೆ ನಂಬಿಕೆ ಹೇಗೆ ಬಂದೀತು?

ಆದರೂ ಮೊದಮೊದಲು ಹೇಳಿದಂತೆಯೇ ಮಾಡಿದ. ಲಿಫ್ಟಿನಲ್ಲಿ ಹತ್ತಿದ; ಕಂಬಿಯ ಮೇಲೆ ಬೆರಳಿಟ್ಟು ಒಂದೊಂದೇ ಮೆಟ್ಟಿಲು ಇಳಿದ. ಮೂರನೆಯ ಮಹಡಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳಿದ್ದಳು. ಅವಳ ಕೋಣೆಗೆ ಕಿಟಕಿ ಚಿಕ್ಕದು. ಮೆಟ್ಟಿಲಿನ ಬೆಳಕಿಗಾಗಿ ಬಾಗಿಲನ್ನು ತೆರೆದಿಟ್ಟು, ಹೊಸ್ತಿಲ ಬಳಿಯೇ ಯಂತ್ರ ಹಾಕಿಕೊಂಡು ಕೂರುತ್ತಿದ್ದಳು. ಬಾಯಲ್ಲಿ ಸದಾ ಎರಡು ಗುಂಡುಸೂಜಿ. ಎಷ್ಟೋ ವರ್ಷ ಒಂದೇ ಕಟ್ಟಡದಲ್ಲಿದ್ದರೂ ಇಬ್ಬರೂ ಮಾತಾಡಿರಲಿಲ್ಲ. ಅವನು ಬೆಳಗ್ಗೆ ಹೊರಡುವಾಗ ಅವಳ ಬಾಗಿಲು ಮುಚ್ಚಿರುತ್ತಿತ್ತು, ಅವನು ಬರುವಾಗಲೂ ಮುಚ್ಚಿರುತ್ತಿತ್ತು.

"ಕಾಲಿಗೇನಾಯ್ತು?" ಎಂದಳು ಮೊದಲ ದಿನ, ಸೂಜಿ ತೆಗೆಯದೆಯೇ.

"ಜ್ವರ."

"ಜ್ವರ ಕಾಲಿಗೆ ಬರುತ್ತಾ?"

"ನನಗೆ ಬಂತು."

ಅಷ್ಟೇ ಮಾತು. ಆದರೆ ಕೋಣೆಗೆ ಮರಳಿದ ಮೇಲೆ ಆ ನಾಲ್ಕು ಮಾತುಗಳನ್ನು ಕೆಳಗಣ್ಣನು ಸಂಜೆಯವರೆಗೂ ಮೆಲುಕು ಹಾಕಿದ. ಮರುದಿನ ಕಾಲಿಗೆ ರಜೆ. ಕುರ್ಚಿಯ ಮೇಲೆ ಕುಳಿತ. ಮಂಚದ ಮೇಲೆ ಕುಳಿತ. ಕನ್ನಡಿಯಲ್ಲಿ ಮುಖ ನೋಡಿಕೊಂಡ. ಅದಕ್ಕೂ ಇವನನ್ನು ನೋಡಿ ಸಾಕಾಗಿದ್ದಂತೆ ಕಂಡಿತು. ಪಕ್ಕದ ಕೋಣೆಯಲ್ಲಿ ಯಾರೋ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು, ನಿಂತಿತು. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಎದ್ದ. ಒಂದು ಸಲ ಇಳಿದರೆ ಕಾಲೇನು ಸವೆಯುವುದೇ?

"ಇವತ್ತೂ ಬಂದ್ರಾ?" ಎಂದಳು.

"ಅಭ್ಯಾಸ."

ಲಿಫ್ಟಿನಲ್ಲಿ ಹತ್ತಿ ಮತ್ತೊಮ್ಮೆ ಇಳಿದ. ಮತ್ತೆ ಒಂದು ಮಾತು ಸಿಕ್ಕಿತು. ಹೀಗೆ ಒಂದು ಎರಡಾಯಿತು, ಎರಡು ಲೆಕ್ಕ ತಪ್ಪಿತು. ಒಂದು ಮಧ್ಯಾಹ್ನ ಅವಳು ಯಂತ್ರ ನಿಲ್ಲಿಸಿ, ಸೂಜಿಗಳನ್ನು ಬಾಯಿಂದ ತೆಗೆದು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಲ್ಲಾ, ನೀವು ಇಳಿಯೋದನ್ನೇ ನೋಡ್ತೀನಿ. ಹತ್ತೋದನ್ನ ಒಂದು ದಿನಾನೂ ನೋಡಿಲ್ಲ. ಮೇಲೆ ನಿಮ್ಮಂಥವರು ಎಷ್ಟು ಜನ ತುಂಬಿಟ್ಟಿದ್ದಾರೆ?"

ಕೆಳಗಣ್ಣ ನಕ್ಕ. ಮೆಟ್ಟಿಲಿನ ಗೋಡೆಗಳಲ್ಲಿ ಆ ನಗು ಮೇಲಿನವರೆಗೆ ಹೋಗಿ ಬಂದಿತು. ತನ್ನ ನಗುವಿನ ದನಿ ಹೀಗಿದೆಯೆಂಬುದೇ ಅವನಿಗೆ ಮರೆತುಹೋಗಿತ್ತು.

ಅಂದಿನಿಂದ ಅವನಿಗೆ ತಡೆಯಿರಲಿಲ್ಲ. ಬರಿಗೈ ಸಾಲದೆಂದು ಮರಳು ತುಂಬಿದ ಬಕೆಟ್ಟನ್ನು ಹಿಡಿದು ಇಳಿದ. ಹಿಮ್ಮುಖನಾಗಿ ಇಳಿದ. ತೊಡೆಗಳು ನೋಯುತ್ತಿದ್ದವು, ಕುಳಿತರೆ ಏಳಲಾಗುತ್ತಿರಲಿಲ್ಲ, ಎದ್ದರೆ ಕೂರಲಾಗುತ್ತಿರಲಿಲ್ಲ. ಹೊರುವವರ ಲೋಕದಲ್ಲಿ ನೋವೆಂದರೆ ದುಡಿಮೆಯ ಗುರುತು. ನೋಯುತ್ತಿದೆಯೆಂದರೆ ಬಲ ಬರುತ್ತಿದೆ ಎಂದುಕೊಂಡ.

ಮುಂದಿನ ತಪಾಸಣೆಯಲ್ಲಿ ವ್ಯಾಯಾಮದ ಡಾಕ್ಟರು ಮತ್ತೆ ಲೋಳೆ ಹಚ್ಚಿ ಯಂತ್ರವಿಟ್ಟಳು. ಪರದೆಯಲ್ಲಿ ಪದರ ದಪ್ಪವಾಗಿ ಕಂಡಿತು.

"ತುಂಬಿಕೊಂಡಿದೆ ಅಲ್ವಾ ತಾಯಿ?" ಎಂದ ಕೆಳಗಣ್ಣ ಹಿಗ್ಗಿನಿಂದ.

ಅವಳು ಯಂತ್ರವನ್ನು ಪಕ್ಕಕ್ಕಿಟ್ಟಳು. ನಿಂತಲ್ಲಿಂದ ನೆಗೆಯಲು ಹೇಳಿದಳು. ನೆಗೆದ. ಕಾಲು ನೆಲ ಬಿಟ್ಟಿತೋ ಇಲ್ಲವೋ ಎಂಬಂತಿತ್ತು. ಮೊದಲ ದಿನ ಇದಕ್ಕಿಂತ ಎತ್ತರ ನೆಗೆದಿದ್ದ.

"ಬೆಳ್ಳಗಿರೋದೆಲ್ಲ ಹಾಲಲ್ಲ ಯಜಮಾನರೇ, ಉಬ್ಬಿರೋದೆಲ್ಲ ಬಲ ಅಲ್ಲ. ಇದು ಬೆಳೆದಿದ್ದಲ್ಲ, ಬಾವು. ಎಳೆ ಹರಿದು ನೀರು ತುಂಬಿಕೊಂಡಿದೆ. ನಾನು ಹೇಳಿದಷ್ಟೇ ಮಾಡ್ತಿದ್ದೀರಾ?"

"ಅಷ್ಟೇ" ಎಂದ.

ಸುಳ್ಳು ಹೇಳಿ ಅವನಿಗೆ ರೂಢಿಯಿಲ್ಲ, ಕಿವಿ ಬಿಸಿಯಾಯಿತು. ಆದರೆ ಯಾಕೆ ಹೆಚ್ಚು ಇಳಿದೆ ಎಂದು ಅವಳು ಕೇಳಿದರೆ ಏನು ಹೇಳುವುದು? ಬಾಯಿ ಬಿಡಲು ಒಬ್ಬರು ಸಿಕ್ಕರು, ಅದಕ್ಕೆ ಎನ್ನುವುದೇ? ಗಂಡಸು ಆಡುವ ಮಾತೇ ಅದು?

ಅವಳು ಪರದೆಯ ಮೇಲಿನ ಗೆರೆಗಳನ್ನು ನೋಡಿ ನಿಟ್ಟುಸಿರಿಟ್ಟಳು. "ಇಷ್ಟಕ್ಕೇ ಹೀಗಾದರೆ, ನಿಮ್ಮ ಕಾಲಿಗೆ ಇದು ಒಗ್ಗಲ್ಲ ಅಂತ ಕಾಣುತ್ತೆ. ಭಾರ ಹೊರೋ ಕೆಲಸ ಬಿಟ್ಟು ಬೇರೆ ಏನಾದ್ರೂ ನೋಡ್ಕೊಳ್ಳಿ" ಎಂದಳು.

ಒಂದು ಸುಳ್ಳು ಮಾತು ಅವಳ ತಿಳಿವಳಿಕೆಯನ್ನೂ ದಾರಿ ತಪ್ಪಿಸಿತ್ತು. ಕೆಳಗಣ್ಣನು ತಲೆ ತಗ್ಗಿಸಿ ಹೊರಬಂದ. ಆ ಮಧ್ಯಾಹ್ನ ಬಕೆಟ್ಟಿಗೆ ಇನ್ನಷ್ಟು ಮರಳು ಹಾಕಿದ.

ಪರೀಕ್ಷೆಯ ದಿನ ಬಂದಿತು. ಗೋದಾಮಿನ ಮೇಲಂತಸ್ತಿನಲ್ಲಿ ಹಳೆಯ ಮರದ ಬೀರು, ಬಾಗಿಲಿಗೆ ಕನ್ನಡಿ ಹಾಕಿದ್ದು. ಮಾಲೀಕ ಕೆಳಗಿನ ಅಂಗಳದಲ್ಲಿ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದ. ಮೇಲಣ್ಣ ಮಾತಿಲ್ಲದೆ ಬಂದು ಮೇಲಿನ ತುದಿಗೆ ನಿಂತ. ಕೆಳಗಣ್ಣ ಬಾಗಿದ. ಬೀರು ನೆಲ ಬಿಟ್ಟಿತು.

ಆಗ ಆ ದನಿ ಬಂದಿತು.

"ಹಾಂ... ನಿಧಾನ. ಮೊದಲನೇದು. ನೀನಿಲ್ಲದೆ ಮೂರು ಜನರ ಜೊತೆ ಇಳಿಸಿದೆ ಕಣೋ, ಒಬ್ಬನೂ ಹೂಂ ಅನ್ನಲ್ಲ. ಕಿವೀಲಿ ಏನೋ ಸಿಕ್ಕಿಸಿಕೊಂಡು ಹಾಡು ಕೇಳ್ತಾರೆ. ಎಡಕ್ಕೆ. ಮೊಮ್ಮಗಳು ಈಗ ಓಡ್ತಾಳೆ, ಹಿಡಿಯೋಕಾಗಲ್ಲ. ಎಡಕ್ಕೆ, ಎಡಕ್ಕೆ..."

"ಹೂಂ" ಎಂದ ಕೆಳಗಣ್ಣ. ಕಣ್ಣು ಮಂಜಾಯಿತು. ಎರಡೂ ಕೈಗಳಲ್ಲಿ ಬೀರು, ಒರೆಸಿಕೊಳ್ಳಲು ಬೆರಳಿರಲಿಲ್ಲ.

ತಿರುವನ್ನು ದಾಟಿದ ಮೇಲೆ ಬಲತೊಡೆ ನಡುಗತೊಡಗಿತು. ಹಲ್ಲು ಕಚ್ಚಿದ. ಇನ್ನೊಂದು ಮೆಟ್ಟಿಲು ಇಳಿದ. ಮತ್ತೊಂದಕ್ಕೆ ಕಾಲು ಚಾಚಿದಾಗ ಭಾರ ಹೊತ್ತು ನಿಂತ ತೊಡೆಯು ಬಾವಿಯ ಹಗ್ಗ ಕೈತಪ್ಪಿದಂತೆ ಒಮ್ಮೆಗೇ ಸಡಿಲಿತು. ಬೀರು ಮುಗ್ಗರಿಸಿತು. ಮೇಲಿನಿಂದ "ಅಯ್ಯೋ" ಎಂಬ ಕೂಗು ಕೇಳಿಸಿತು. ಅದು ಮೇಲಣ್ಣನ ದನಿಯೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಅಷ್ಟು ವರ್ಷಗಳಲ್ಲಿ ಆ ದನಿ ಹಾಗೆ ಬೆದರಿದ್ದನ್ನು ಅವನು ಕೇಳಿರಲಿಲ್ಲ. ಮೇಲಣ್ಣನ ಚಪ್ಪಲಿ ಸರ್ರನೆ ಜಾರಿ, ಎಲ್ಲೋ ಕಂಬಿಗೆ ತಾಗಿ ನಿಂತ ಸದ್ದಾಯಿತು. ಕೆಳಗಣ್ಣನು ಎದೆಯನ್ನೊಡ್ಡಿ ಬೀರುವನ್ನು ತಡೆದು, ನಡುಮೆಟ್ಟಿಲಲ್ಲಿ ಇಟ್ಟುಬಿಟ್ಟ.

ಇಬ್ಬರಿಗೂ ಏದುಸಿರು. ಒಬ್ಬ ಮೇಲೆ, ಒಬ್ಬ ಕೆಳಗೆ. ನಡುವೆ ಅಡ್ಡಬಿದ್ದ ಬೀರು. ಮುಖ ಕಾಣದು.

"ಪೆಟ್ಟಾಯ್ತೇನೋ?" ಎಂದ ಮೇಲಣ್ಣ.

"ಇಲ್ಲ. ನಿನಗೆ?"

"ಮೊಣಕೈ ತರಚಿದೆ ಅಷ್ಟೆ." ಆಮೇಲೆ ದನಿ ತಗ್ಗಿಸಿ, "ಎತ್ತು. ಅವನು ನೋಡಿಲ್ಲ. ಇನ್ನು ಸ್ವಲ್ಪವೇ ಇದೆ. ಭಾರ ನಾನು ಎಳ್ಕೋತೀನಿ, ನೀನು ಕೈ ಕೊಟ್ಟಿರು ಸಾಕು."

ಹಾಗೆಯೇ ಇಳಿಸಿದರು. ಮೇಲಣ್ಣ ಭಾರವನ್ನೆಲ್ಲ ಮೇಲಿನಿಂದಲೇ ಎಳೆದು ಹಿಡಿದಿದ್ದ. ಅವನ ಮಾತು ನಿಂತುಹೋಗಿತ್ತು. ಅಂಗಳಕ್ಕೆ ಬಂದಾಗ ಮಾಲೀಕ ಫೋನನ್ನು ಜೇಬಿಗಿಳಿಸಿ, ಬೀರುವಿನ ಕನ್ನಡಿಯನ್ನು ಬೆರಳಿನಿಂದ ತಟ್ಟಿ ನೋಡಿದ. "ಪರವಾಗಿಲ್ಲವೇ, ಕುದುರೆ ಲಾಯಕ್ಕೆ ಬಂತು! ಸೋಮವಾರದಿಂದ ಬಾ" ಎಂದ.

ಕೇಳಬೇಕೆಂದು ತಿಂಗಳುಗಟ್ಟಲೆ ಕಾದಿದ್ದ ಮಾತು ಅದೇ. ಕೆಳಗಣ್ಣ ಮೇಲಣ್ಣನ ಕಡೆ ನೋಡಿದ. ಅವನು ತೋಳಿನ ಬಟ್ಟೆಯನ್ನು ಇಳಿಬಿಟ್ಟು ಮೊಣಕೈಯ ರಕ್ತವನ್ನು ಮುಚ್ಚಿಕೊಳ್ಳುತ್ತಿದ್ದ. ಆ "ಅಯ್ಯೋ" ಇನ್ನೂ ಕಿವಿಯಲ್ಲಿತ್ತು. ತನಗೆ ಬೇಕಾದದ್ದು ಆ ದನಿ, ನಿಜ. ಆದರೆ ಹೆದರಿದ ಆ ದನಿಯಲ್ಲ.

"ನಡುಮೆಟ್ಟಿಲಲ್ಲಿ ಇಟ್ಟೆ" ಎಂದ.

ಮಾಲೀಕನಿಗೆ ಮೊದಲು ಅರ್ಥವಾಗಲಿಲ್ಲ. "ಏನಂದೆ?"

"ತಿರುವು ಆದ ಮೇಲೆ. ಕಾಲು ಕೈಕೊಟ್ಟಿತು. ಇಟ್ಟೆ."

ಮಾಲೀಕ ತಲೆ ಕೆರೆದುಕೊಂಡ. ಕೆಟ್ಟ ಮನುಷ್ಯನಲ್ಲ ಅವನು. "ಹೇಳದಿದ್ರೆ ನಡೀತಿತ್ತಲ್ಲೋ ಮಾರಾಯ" ಎಂದು ಗೊಣಗಿದ. ಆದರೆ ಕಟ್ಟಳೆ ಕಟ್ಟಳೆಯೇ; ಕೆಳತುದಿ ಹೊಸಬನಿಗೆ ಹೋಯಿತು. ಮೇಲಣ್ಣ ಏನೂ ಹೇಳಲಿಲ್ಲ. ನೆಲದ ಮೇಲೆ ನಿಂತಿದ್ದನಲ್ಲ.

ಆ ವಾರವೇ ಕೆಳಗಣ್ಣನು ವ್ಯಾಯಾಮದ ಡಾಕ್ಟರ ಬಳಿಗೆ ಹೋಗಿ ನಿಜ ಹೇಳಿದ. ಬಕೆಟ್ಟು, ಮರಳು, ಹಿಮ್ಮುಖ ನಡಿಗೆ, ಎಲ್ಲವನ್ನೂ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, "ನಿಮ್ಮನ್ನೇನು ಮಾಡಲಿ ಹೇಳಿ!" ಎಂದಳು. ಮತ್ತೆ ಮೆಲ್ಲಗೆ, "ಯಾಕೆ ಹೀಗೆ ಮಾಡಿದ್ರಿ?" ಎಂದಳು.

"ಮೂರನೇ ಮಹಡೀಲಿ ಒಂದು ಬಾಗಿಲು ತೆರೆದಿರುತ್ತೆ."

ಅವಳು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವನ ಎದುರು ಕುಳಿತಳು. "ನೋಡಿ, ಇಳಿಯುವಾಗ ಎಳೆಗೆ ಏಟು ಬೀಳುತ್ತೆ, ಅದು ಬೇಕು. ಆದರೆ ಕಟ್ಟಿಕೊಳ್ಳೋದು ಸುಮ್ಮನೆ ಕೂತಾಗ. ಕೂರೋಕೆ ಬಿಡದೆ ಮತ್ತೆ ಮತ್ತೆ ಹೊಡೆದರೆ ಕಟ್ಟೋದು ಯಾವಾಗ? ಮೊದಲು ಕಾಲು ಪೂರ್ತಿ ಸುಧಾರಿಸಲಿ. ಆಮೇಲೆ ಒಂದೇ ಸಲ ಇಳಿಯೋದು, ಎರಡು ದಿನ ಕೂರೋದು. ಕೂರೋದೇ ನಿಮಗೆ ಕಷ್ಟದ ವ್ಯಾಯಾಮ ಅಂತ ಗೊತ್ತು."

ಅದು ನಿಜವಾಗಿಯೂ ಕಷ್ಟದ್ದಾಗಿತ್ತು. ಮಂಚ, ಕುರ್ಚಿ, ಕನ್ನಡಿ. ಕಿಟಕಿಯ ಆಚೆ ತಂತಿಯ ಮೇಲೆ ಯಾರದೋ ಒಂಟಿ ಕಾಲುಚೀಲ ಒಣಗುತ್ತ ಮರೆತುಹೋಗಿತ್ತು. ಗಾಳಿ ಬಂದಾಗ ಅದು ತುಂಬಿ ನಿಲ್ಲುತ್ತಿತ್ತು, ಗಾಳಿ ನಿಂತಾಗ ಬರಿದಾಗುತ್ತಿತ್ತು. ಅದನ್ನು ನೋಡುತ್ತ ಕುಳಿತುಕೊಳ್ಳುತ್ತಿದ್ದ. ಒಂದು ದಿನ ತಾಳಲಾರದೆ ಲಿಫ್ಟಿನಲ್ಲಿ ನೇರವಾಗಿ ಮೂರನೆಯ ಮಹಡಿಗೆ ಹೋದ. ಕಾಲಿಗೆ ಕೆಲಸ ಕೊಡದೆ ಹೋಗುವುದಕ್ಕೆ ಅಡ್ಡಿಯಿಲ್ಲವಲ್ಲ. ಆದರೆ ಇಳಿಯುವ ನೆಪವಿಲ್ಲದೆ ಅವಳ ಬಾಗಿಲಲ್ಲಿ ನಿಲ್ಲಲು ನಾಚಿಕೆಯಾಗಿ, ಲಿಫ್ಟಿನಲ್ಲೇ ಅಂಗಿಯ ಗುಂಡಿಯೊಂದನ್ನು ಕಿತ್ತುಕೊಂಡಿದ್ದ.

"ಗುಂಡಿ ಬಿದ್ದುಹೋಯ್ತು" ಎಂದು ಚಾಚಿದ.

ಅವಳು ಅಂಗಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು. "ಸವೆದು ಬಿದ್ದ ದಾರ ಅಲ್ಲ ಇದು. ಕಿತ್ತಿದ್ದು." ಸೂಜಿಗೆ ದಾರ ಪೋಣಿಸುತ್ತ, ತಲೆಯೆತ್ತದೆ ಹೇಳಿದಳು: "ಇನ್ನೊಂದು ಸಲ ಸುಮ್ಮನೆ ಬನ್ನಿ. ಒಳ್ಳೇ ಅಂಗಿ ಹಾಳು ಮಾಡಬೇಡಿ."

ಅವನು ಸುಮ್ಮನೆ ಹೋಗಲಿಲ್ಲ. ಅಷ್ಟು ಧೈರ್ಯ ಅವನಿಗೆ ಬರಲಿಲ್ಲ. ಇಳಿಯುವ ದಿನ ಬಂದಾಗ ಮಾತ್ರ ಒಂದೇ ಸಲ ಇಳಿಯುತ್ತಿದ್ದ; ಅವಳ ಬಾಗಿಲಲ್ಲಿ ಕಂಬಿ ಹಿಡಿದು ತುಸು ಹೊತ್ತು ನಿಲ್ಲುತ್ತಿದ್ದ. ರಜೆಯ ದಿನಗಳ ಮಾತನ್ನೂ ಸೇರಿಸಿಕೊಂಡು ಅವಳು ಕಾದಿರುತ್ತಿದ್ದಳು. ಮಿಕ್ಕ ದಿನಗಳಲ್ಲಿ ಮತ್ತದೇ ಮಂಚ, ಕುರ್ಚಿ, ಕನ್ನಡಿ.

ಬೇಸಗೆ ಕಳೆಯುವ ಹೊತ್ತಿಗೆ ತೊಡೆ ತುಂಬಿತು. ಪರದೆಯ ಮೇಲಿನ ಗೆರೆಗಳು ಉದ್ದವಾಗಿ, ಒತ್ತಾಗಿ, ಹೊಸ ಬಟ್ಟೆಯ ಥಾನಿನ ನೇಯ್ಗೆಯಂತೆ ಕಂಡವು. ನೆಗೆಯಲು ಹೇಳಿದಾಗ ನೆಗೆದ ರಭಸಕ್ಕೆ ಮೇಜಿನ ಮೇಲಿನ ಲೇಖನಿ ಉರುಳಿತು. "ಇಷ್ಟು ಕಡಿಮೆ ಮಾಡಿ ಇಷ್ಟು ಬಲ!" ಎಂದು ಅವನಿಗೆ ಬೆರಗು. "ಕಡಿಮೆ ಅಲ್ಲ, ಸಾಕಾಗೋಷ್ಟು" ಎಂದಳು ಅವಳು.

ಕಂಪನಿಗೆ ಹೋದ. ಮಾಲೀಕ ಅವನ ನಡಿಗೆಯನ್ನು ನೋಡಿಯೇ ತಿಳಿದುಕೊಂಡ. ಕೆಳತುದಿ ಕೊಡುವಂತಿರಲಿಲ್ಲ, ಕೊಡಲಿಲ್ಲ. ಕೆಳಗಣ್ಣನೂ ಕೇಳಲಿಲ್ಲ. ಮೇಲಣ್ಣನ ಕೆಳಗೆ ಈಗ ಬೇರೊಬ್ಬನಿದ್ದ. ಎರಡನೆಯ ಲಾರಿಯಲ್ಲಿ ಮೇಲಿನ ತುದಿಗೆ ಒಬ್ಬ ಬೇಕಾಗಿತ್ತು. "ಮೇಲೆ ಹಿಡೀತೀಯಾ?" ಎಂದ ಮಾಲೀಕ. ಕೆಳಗಣ್ಣ ಹೂಂ ಎಂದ. ಬಾಳಿಡೀ ಆಡಿದ ಮಾತೇ ಅದು.

ಮೊದಲ ದಿನ ಒಂದು ಹಳೆಯ ಕಟ್ಟಡದ ನಾಲ್ಕನೆಯ ಮಹಡಿ. ಊಟದ ಮೇಜನ್ನು ಇಳಿಸಬೇಕು. ಕೆಳತುದಿಗೆ ದಪ್ಪ ಕುತ್ತಿಗೆಯ ಒಬ್ಬ ಅಪರಿಚಿತ. ಅವನು ಕಿವಿಯಲ್ಲಿ ಏನೂ ಸಿಕ್ಕಿಸಿಕೊಂಡಿರಲಿಲ್ಲ. ಮೇಜು ನೆಲ ಬಿಟ್ಟಿತು. ಕೆಳಗಣ್ಣ ಮುಂದೆ ನೋಡಿದ.

ಅಷ್ಟು ವರ್ಷ ಹೊರುವಾಗ ಬೆನ್ನ ಹಿಂದೆಯೇ ಇದ್ದ ಮೆಟ್ಟಿಲುಗಳು ಮೊದಲ ಬಾರಿಗೆ ಕಣ್ಣೆದುರಿಗಿದ್ದವು. ಎಷ್ಟು ಕಡಿದು! ಎಷ್ಟು ಕೆಳಗೆ! ಅಂಚು ಮುಕ್ಕಾದ ಕಲ್ಲು, ಸಡಿಲಾದ ಕಂಬಿ, ತಿರುವಿನಲ್ಲಿ ಒದ್ದೆ. ಆ ಎಲ್ಲದರ ಕಡೆಗೆ ಬೆನ್ನು ಹಾಕಿ, ಏನೂ ಕಾಣದೆ, ನಂಬಿಕೊಂಡು ಒಬ್ಬ ಮನುಷ್ಯ ಹಿಂದಡಿ ಇಡುತ್ತಿದ್ದ. ಅವನ ನೆತ್ತಿ ಮಾತ್ರ ಕಾಣುತ್ತಿತ್ತು. ಕೆಳಗಣ್ಣ ಮೇಜಿನ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಕಾಣುವವನಿಗೇ ಭಯ, ಕೆಳಗಿದ್ದವನಿಗೆ ಏನು ಗೊತ್ತು? ಮೇಲಣ್ಣನು ಅಷ್ಟು ವರ್ಷ ಕೊಡೆಯ ಮಾತು, ಹಲ್ಲುನೋವಿನ ಮಾತು, ಮೊಮ್ಮಗಳ ಮಾತು ಆಡಿದ್ದು ಯಾಕೆಂದು ಈಗ ತಿಳಿಯಿತು. ಪ್ರತಿಯೊಂದು ಮೆಟ್ಟಿಲಿನಲ್ಲೂ ಕೆಳಗಿದ್ದವನಿಗಾಗಿ ಹೆದರಿ, ಆ ಹೆದರಿಕೆ ಅವನಿಗೆ ಕೇಳಿಸದಿರಲೆಂದು ಮಾತಾಡಿದ್ದ.

"ಏನಣ್ಣ, ಮಾತಿಲ್ಲ?" ಎಂದ ಕೆಳಗಿನವನು. "ಎಲ್ಲಿದೀನಿ ಅಂತಾನಾದ್ರೂ ಹೇಳಿ."

ಕೆಳಗಣ್ಣ ಮಾತಿಗೆ ತಡಕಾಡಿದ. ಹೇಳಲು ಅವನಿಗೆ ಮಗಳಿರಲಿಲ್ಲ, ಮೊಮ್ಮಗಳಿರಲಿಲ್ಲ.

"ಎಡಕ್ಕೆ... ಒಂಚೂರು" ಎಂದ. ದನಿ ತನ್ನದೇ ಎಂದು ನಂಬಲಾಗಲಿಲ್ಲ. "ಹಾಂ. ಇಲ್ಲಿ ಒದ್ದೆ ಇದೆ, ಹಿಮ್ಮಡಿ ಊರು. ನಮ್ಮ... ನಮ್ಮ ಕಟ್ಟಡದಲ್ಲಿ ಬಟ್ಟೆ ಹೊಲಿಯೋರು ಒಬ್ಬರಿದ್ದಾರೆ. ಬಾಯಲ್ಲಿ ಸೂಜಿ ಇಟ್ಕೊಂಡೇ ಮಾತಾಡ್ತಾರೆ. ತಿರುವು ಬಂತು, ಬೆನ್ನು ಬಾಗಿಸು."

"ಹೂಂ" ಎಂದ ಕೆಳಗಿನವನು.

ಸಂಜೆ ಎರಡೂ ಲಾರಿಗಳು ಒಟ್ಟಿಗೆ ಅಂಗಳಕ್ಕೆ ಬಂದವು. ಮೇಲಣ್ಣ ನಲ್ಲಿಯ ಬಳಿ ಕೈ ತೊಳೆಯುತ್ತಿದ್ದ. ಕೆಳಗಣ್ಣ ಹೋಗಿ ಪಕ್ಕದಲ್ಲಿ ನಿಂತ. ಹೇಳಬೇಕಾದದ್ದು ಬಹಳ ಇತ್ತು. ಆದರೆ ಇಬ್ಬರ ಕೈಗಳೂ ಬರಿದಾಗಿದ್ದವು, ಕಾಲಡಿಯಲ್ಲಿ ಸಮತಟ್ಟಾದ ನೆಲವಿತ್ತು. ಮೇಲಣ್ಣ ನಲ್ಲಿಯನ್ನು ನಿಲ್ಲಿಸದೆ ಸರಿದು ಜಾಗ ಬಿಟ್ಟ. ಕೆಳಗಣ್ಣ ಕೈಯೊಡ್ಡಿದ. ನೀರು ತಣ್ಣಗಿತ್ತು.